ಗೇಟಿನ ದಾಸವಾಳ

ಹಿಲ್ಸ್‌ಬರೋ, ನ್ಯೂ ಜೆರ್ಸಿ
೧೩ ಏಪ್ರಿಲ್ ೨೦೨೫, ಭಾನುವಾರ

ಅವ್ವಾ,

ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮಿಸು. ದಿನಾ ಫೋನಿನಲ್ಲಿ ಸಿಗುವ ಮಗಳು ಇದ್ದಕ್ಕಿದ್ದಂತೆ ಲಕೋಟೆ ಅಂಟಿಸಿ ಕಳಿಸಿದರೆ ಯಾವ ತಾಯಿಗಾದರೂ ಎದೆ ಧಸಕ್ಕೆನ್ನುತ್ತದೆ. ನನಗೆ ಏನೂ ಆಗಿಲ್ಲ. ಜ್ವರ ಬಂದಿಲ್ಲ, ಫೇಲಾಗಿಲ್ಲ, ಯಾರನ್ನೂ ಲವ್ ಮಾಡಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ನೀನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ನಿಧಾನವಾಗಿ ಓದಬಹುದು. ತಡವಾದದ್ದಕ್ಕೂ ಕ್ಷಮಿಸು. ಆಗಸ್ಟ್‌ನಲ್ಲೇ ಬರೆಯಬೇಕಾಗಿದ್ದ ಪತ್ರ ಇದು. ನಡುವೆ ಇಂಗ್ಲಿಷ್ ನುಗ್ಗಿದರೆ ನಗಬೇಡ. ಎಂಟು ತಿಂಗಳಿಂದ ಕೈಯಲ್ಲಿ ಕನ್ನಡ ಬರೆದಿಲ್ಲ, ಅಕ್ಷರಗಳೆಲ್ಲ ಕಾಲುನೋವಿನವರ ಹಾಗೆ ಕುಂಟುತ್ತಿವೆ.

ಧಾರವಾಡದ ಹಾಸ್ಟೆಲಿನಿಂದ ಬರೆದ ಭಾನುವಾರದ ಪತ್ರಗಳು ನಿನ್ನ ಟ್ರಂಕಿನಲ್ಲಿ ಇನ್ನೂ ಇರಬಹುದು. ಉಪ್ಪಿಟ್ಟು ತಿಂದ ಮೇಲೆ ಎಲ್ಲರಿಗೂ ಒಂದೊಂದು ಇನ್‌ಲ್ಯಾಂಡ್ ಕಾಗದ ಹಂಚುತ್ತಿದ್ದರು. ವಾರ್ಡನ್ ಮೇಡಂ ಮೊದಲ ಸಾಲನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು, ನಾವು ನಕಲು ಮಾಡಬೇಕು: ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಅಂಟಿಸುವ ಮೊದಲು ಪ್ರತಿಯೊಂದನ್ನೂ ಓದುತ್ತಿದ್ದರು. ಐದನೇ ಕ್ಲಾಸಿನ ಎರಡನೇ ವಾರ ನಾನು "ಇಲ್ಲಿ ಅಳು ಬರುತ್ತದೆ" ಎಂದು ಬರೆದಿದ್ದೆ. ಆ ಸಾಲಿನ ಮೇಲೆ ಕೆಂಪು ಪೆನ್ನು ಎಳೆದು, "ಮನಿಯವರನ್ನ ಹೆದರಸಬಾರದು, ಜಾಣಿ ಅದೀ ಅಲ್ಲ?" ಎಂದು ಹೊಸ ಇನ್‌ಲ್ಯಾಂಡ್ ಕೊಟ್ಟರು. ಕೆಟ್ಟವರಲ್ಲ ಅವರು. ಜ್ವರ ಬಂದಾಗ ಪಕ್ಕದಲ್ಲೇ ಮಲಗುತ್ತಿದ್ದರು. ಆದರೆ ನಾನು ಪಾಠವನ್ನು ಸ್ವಲ್ಪ ಜಾಸ್ತಿಯೇ ಚೆನ್ನಾಗಿ ಕಲಿತೆ. ಆಮೇಲಿನ ಎಂಟು ವರ್ಷ ಅವರ ಕೆಂಪು ಪೆನ್ನು ಬೇಕಾಗಲೇ ಇಲ್ಲ. ನನ್ನೊಳಗೇ ಒಂದನ್ನು ಇಟ್ಟುಕೊಂಡಿದ್ದೆ.

ಈ ಪತ್ರವನ್ನು ನಿನಗಿಂತ ಮೊದಲು ಯಾರೂ ಓದುವುದಿಲ್ಲ. ಮೃತ್ಯುಂಜಯ ಅಂಕಲ್ ಗುರುವಾರ ಹೊರಡುತ್ತಾರೆ, ಧಾರವಾಡದಲ್ಲಿ ಅವರ ಅಣ್ಣನ ಮಗಳ ಮದುವೆ. ಅವರೇ ಕೊಪ್ಪಳಕ್ಕೆ ಬಂದು ನಿನ್ನ ಕೈಗೆ ಕೊಡುತ್ತಾರೆ. ಅವರ ಕೈಯಲ್ಲಿ ಇನ್ನೊಂದು ವಸ್ತುವೂ ಇರುತ್ತದೆ. ಅದನ್ನು ಕೇಳಬೇಡ, ಮೊದಲು ಇದನ್ನು ಓದು. ಅವರಿಗೂ ಹೇಳಿದ್ದೇನೆ: ಪತ್ರ ಮೊದಲು, ಅದು ಆಮೇಲೆ.

ಇಲ್ಲಿ ನಿನ್ನೆ ಮತ್ತೆ ಚಳಿ ಹಿಡಿದು ಮಳೆ ಬಂತು. ನಿನಗೆ ಹೇಳುವುದೇನು ಬಂತು, ನಿನ್ನ ಫೋನಿನಲ್ಲಿ ಕೊಪ್ಪಳದ ಕೆಳಗೆ ನ್ಯೂ ಜೆರ್ಸಿಯನ್ನೂ ಸೇರಿಸಿಟ್ಟುಕೊಂಡಿದ್ದೀ. "ಭೂಮೀ, ಇವತ್ತ ನಿಮ್ಮಲ್ಲಿ ಮಳಿ ಐತಿ, ಛತ್ರಿ ತಗೊಂಡ ಹೋಗು" ಎಂದು ನೀನು ಹೇಳುವಾಗ ನಾನಿನ್ನೂ ಕಿಟಕಿಯ ಪರದೆಯನ್ನೇ ಸರಿಸಿರುವುದಿಲ್ಲ. ನಾವಿಬ್ಬರೂ ಮಾತು ಶುರು ಮಾಡುವುದೇ ಹವಾಮಾನದಿಂದ. ನೀನು ನಲವತ್ತೊಂದು ಎನ್ನುತ್ತೀ, ನಾನು ಆರು ಎನ್ನುತ್ತೇನೆ. ಆಮೇಲೆ ನಿನ್ನ ಎರಡನೇ ಪ್ರಶ್ನೆ ಬರುತ್ತದೆ. ಯಾವತ್ತೂ ಅದೇ.

"ದಾಸವಾಳ ಹೆಂಗೈತಿ?"

ಅವ್ವ, ದಾಸವಾಳ ಇಲ್ಲ. ಯಾವತ್ತೂ ಇರಲಿಲ್ಲ.

ಬರೆದುಬಿಟ್ಟೆ. ಎದ್ದು ನೀರು ಕುಡಿದು ಬಂದೆ. ಈಗ ಮೊದಲಿನಿಂದ ಹೇಳುತ್ತೇನೆ.

ಹೊರಡುವ ದಿನ ನೀನು ನಿನ್ನ ದಾಸವಾಳದ ಗೇಣುದ್ದದ ಕಡ್ಡಿಯನ್ನು ಓರೆಯಾಗಿ ಕತ್ತರಿಸಿ, ಮೇಲಿನ ತುದಿಗೆ ಸೆಗಣಿ ಮೆತ್ತಿ, ಕೆಳಗೆ ನಿನ್ನ ನೀಲಿ ಇಳಕಲ್ ಸೀರೆಯ ತುಂಡನ್ನು ಒದ್ದೆ ಮಾಡಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟೆಯಲ್ಲ, ಇಪ್ಪತ್ತೆರಡು ಗಂಟೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದೆ. ನ್ಯೂವಾರ್ಕ್ ಏರ್‌ಪೋರ್ಟಿನಲ್ಲಿ ಗಿಡ, ಬೀಜ, ತಿಂಡಿ ಏನಾದರೂ ಇದೆಯೇ ಎಂದು ಕೇಳಿದರು. ನನ್ನ ಮುಂದಿದ್ದ ಆಂಟಿ ಇಲ್ಲ ಅಂದರು, ಅವರ ಬ್ಯಾಗಿನಿಂದ ಇಂಗಿನ ವಾಸನೆ ನನ್ನ ತನಕ ಬರುತ್ತಿತ್ತು. ನಾನು ಮಾತ್ರ ಯೆಸ್ ಎಂದುಬಿಟ್ಟೆ. ಹಾಸ್ಟೆಲಿನಲ್ಲಿ ರಜೆ ಮುಗಿಸಿ ಬಂದ ದಿನ ಟ್ರಂಕ್ ಚೆಕ್ ಆಗುವಾಗ ನಾನೇ ಮೊದಲು ಚಕ್ಕುಲಿ ಡಬ್ಬಿ ತೆಗೆದು ಮೇಜಿನ ಮೇಲೆ ಇಡುತ್ತಿದ್ದೆನಲ್ಲ, ಅದೇ ಕೈ.

ಆಫೀಸರ್ ದಪ್ಪನೆಯ ಹೆಂಗಸು, ಒಳ್ಳೆಯವಳು. ತುದಿಯಲ್ಲಿ ಮೆತ್ತಿರುವುದು ಏನು ಎಂದು ಕೇಳಿದಳು. ಸೆಗಣಿ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಲು ನಾಚಿಕೆಯಾಗಿ "ಮೆಡಿಸಿನ್" ಎಂದೆ. ಅವಳು ಮೂಸಿ ನೋಡಿ ನನ್ನ ಮುಖ ನೋಡಿದಳು. "ಸಾರಿ, ಸ್ವೀಟ್‌ಹಾರ್ಟ್" ಎಂದು ಕವರಿನ ಸಮೇತ ಹಳದಿ ಬುಟ್ಟಿಗೆ ಹಾಕಿದಳು. ತಪ್ಪು ಅವಳದಲ್ಲ, ಕಾನೂನು ಹಾಗಿದೆ. "ಬಟ್ಟೆಯನ್ನಾದರೂ ಕೊಡಿ" ಎಂದು ಕೇಳಿದೆ. ಅದಕ್ಕೂ ತಲೆ ಅಲ್ಲಾಡಿಸಿದಳು.

ಹೊರಗೆ ಬಂದು ಏರ್‌ಪೋರ್ಟ್ ವೈಫೈನಲ್ಲಿ ನಿನಗೆ ಕಾಲ್ ಮಾಡಿದೆ. ನೀನು ಕೇಳಿದ ಮೊದಲ ಮಾತು ನೆನಪಿದೆಯಾ? "ಮುಟ್ಟಿದೇನವಾ? ಕಡ್ಡಿ ಬಾಡಿಲ್ಲಲ್ಲ?" ನನ್ನೊಳಗಿನ ಕೆಂಪು ಪೆನ್ನು ತಾನಾಗಿಯೇ ಓಡಿತು. "ಇಲ್ಲ ಅವ್ವ, ಚೆನ್ನಾಗಿದೆ."

ಸುಳ್ಳು ಅಲ್ಲಿಗೇ ನಿಲ್ಲುತ್ತದೆ ಎಂದುಕೊಂಡಿದ್ದೆ. ಒಂದು ತಿಂಗಳು ಬಿಟ್ಟು, ಚಳಿಗೆ ಒಣಗಿ ಹೋಯಿತು ಎಂದು ಹೇಳಿದರೆ ಮುಗಿಯಿತು ಎಂದುಕೊಂಡೆ. ಆದರೆ ನೀನು ದಿನಾ ಕೇಳಿದೆ. ಚಿಗುರು ಬಂತಾ, ಎಷ್ಟು ಎಲೆ ಆಯಿತು, ಬಿಸಿಲು ಯಾವ ಕಡೆಯಿಂದ ಬರುತ್ತದೆ. ಸೆಪ್ಟೆಂಬರಿನಲ್ಲಿ ಗಣಪತಿ ಹಬ್ಬದ ಊಟದ ಕ್ಯೂನಲ್ಲಿ ನಿಂತು ನಿನಗೆ "ನಾಲ್ಕ ಎಲಿ ಬಂದಾವ ಅವ್ವ" ಎನ್ನುತ್ತಿದ್ದಾಗಲೇ ಹಿಂದಿನಿಂದ ಒಬ್ಬರು, "ಯಾವ ಊರವಾ ನಿಂದು? ಅವ್ವ ಅನ್ನೂದು ಕೇಳಿ ಎಷ್ಟ ದಿವಸಾತು!" ಎಂದರು. ಅವರೇ ಮೃತ್ಯುಂಜಯ ಅಂಕಲ್. ಪಕ್ಕದಲ್ಲಿದ್ದ ಅವರ ಹೆಂಡತಿ ಸೌಜನ್ಯಾ ಆಂಟಿ, "ಯಾವ ಗಿಡ? ಡಾರ್ಮಲ್ಲಿ ಗಿಡ ಸಾಕ್ತಿದ್ದೀಯಾ? ಭೇಷ್!" ಎಂದು ಅವತ್ತೇ ಮನೆಗೆ ಕರೆದುಕೊಂಡು ಹೋಗಿ, ತಮ್ಮ ದಾಸವಾಳದ ಒಂದು ಮರಿ ಕುಂಡವನ್ನು ಕೈಯಲ್ಲಿಟ್ಟರು. "ನಿಂದಕ್ಕೆ ಜೊತೆ ಇರಲಿ." ಎಲೆ ನೋಡಿದರೆ ಎಲ್ಲ ದಾಸವಾಳವೂ ಒಂದೇ. ನಾನು ಫೋಟೋ ತೆಗೆದು ನಿನಗೆ ಕಳಿಸಿದೆ. ನೀನು ಕೈಮುಗಿಯುವ ಎಮೋಜಿ ಒಂಬತ್ತು ಕಳಿಸಿದೆ.

ಆಂಟಿಯ ಮನೆಯ ಬಗ್ಗೆ ನಿನಗೆ ಎಷ್ಟೋ ಹೇಳಿದ್ದೇನೆ, ಒಂದನ್ನು ಮಾತ್ರ ಹೇಳಿಲ್ಲ. ಇಲ್ಲಿ ನಮ್ಮ ಗಿಡಗಳು ನೆಲಕ್ಕೆ ಇಳಿಯುವಂತಿಲ್ಲ, ಕುಂಡದಲ್ಲೇ ಇರಬೇಕು. ಅಕ್ಟೋಬರ್ ಬಂದರೆ ಎಲ್ಲವನ್ನೂ ಸೋಪಿನ ನೀರಿನಲ್ಲಿ ತೊಳೆದು, ಒಂದೊಂದಾಗಿ ಎತ್ತಿ ಒಳಗಿಡುತ್ತಾರೆ. ಮೇ ತಿಂಗಳಲ್ಲಿ ಮದರ್ಸ್ ಡೇ ಆದ ಮೇಲೆಯೇ ಅವಕ್ಕೆ ಮತ್ತೆ ಹೊರಗಿನ ಗಾಳಿ. ಆಳೆತ್ತರದ ಕರಿಬೇವಿನ ಗಿಡ ಡೈನಿಂಗ್ ಟೇಬಲ್ಲಿನ ಪಕ್ಕ ಒಂದು ಕುರ್ಚಿಯ ಜಾಗ ಹಿಡಿದು ನಿಲ್ಲುತ್ತದೆ, ನಾವು ಅದರ ಕೊಂಬೆ ಸರಿಸಿ ಸಾರು ಬಡಿಸಿಕೊಳ್ಳುತ್ತೇವೆ. ಡಿಸೆಂಬರಿನಲ್ಲಿ ಊರಿಗೆ ಹೋಗುವವರೆಲ್ಲ ತಮ್ಮ ಗಿಡಗಳನ್ನು ತಂದು ಆಂಟಿಯ ಹತ್ತಿರ ಬಿಡುತ್ತಾರೆ. ವುಡ್‌ಬ್ರಿಡ್ಜಿನಿಂದ ಕೂಡ ಬರುತ್ತಾರೆ. ಪ್ರತಿ ಕುಂಡಕ್ಕೂ ಒಂದು ಚೀಟಿ: ಹೆಸರು, ಎಷ್ಟು ದಿನಕ್ಕೊಮ್ಮೆ ನೀರು, ಫೋನ್ ನಂಬರ್. ಈ ಸಲ ಹತ್ತೊಂಬತ್ತು ಕುಂಡ ಬಂದಿದ್ದವು. ಅಂಕಲ್ ಅದಕ್ಕೆ ಕರಿಬೇವಿನ ಹಾಸ್ಟೆಲ್ ಎಂದು ಹೆಸರಿಟ್ಟಿದ್ದಾರೆ, ಬಂದವರಿಗೆಲ್ಲ "ವಾರ್ಡನ್ ಒಳಗದಾರ, ಹೋಗ್ರಿ" ಎಂದು ಆಂಟಿಯನ್ನು ತೋರಿಸುತ್ತಾರೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಜನವರಿಯಲ್ಲಿ ಒಬ್ಬೊಬ್ಬರೇ ಬಂದು, ಮೈಸೂರು ಪಾಕ್ ಕೊಟ್ಟು, ತಮ್ಮ ಕುಂಡ ಒಯ್ದರು. ಒಂದು ಕುಂಡದವರು ಮಾರ್ಚ್ ತನಕ ಬರಲಿಲ್ಲ. ವಾರದ ಕೊನೆಗೆ ನಾನು ಇಲ್ಲಿಗೆ ಬಂದಾಗ, ಪ್ರತಿ ಸಲ ಬೆಲ್ ಆದರೆ ಓಡಿಹೋಗಿ ಬಾಗಿಲು ತೆಗೆಯುತ್ತಿದ್ದೆ. ಯಾಕೆ ಎಂದು ನಿನಗೆ ಹೇಳಬೇಕಾಗಿಲ್ಲ ಎಂದುಕೊಂಡಿದ್ದೇನೆ.

ಇರಲಿ. ದಾಸವಾಳಕ್ಕೆ ಬರುತ್ತೇನೆ. ಆಂಟಿಯ ಮರಿ ಕಾಲೇಜಿನ ಡಾರ್ಮಿನಲ್ಲಿ, ನನ್ನ ರೂಮಿನ ಕಿಟಕಿಯಲ್ಲಿತ್ತು. ನೀನು ಹೇಳಿದ ಉಪಚಾರವನ್ನೆಲ್ಲ ನಾನು ಆ ಸುಳ್ಳು ಗಿಡಕ್ಕೆ ಮಾಡಿದೆ. ಈರುಳ್ಳಿ ಸಿಪ್ಪೆಯ ನೀರು, ಚಹಾದ ಚರಟ, ಮೊಟ್ಟೆ ಚಿಪ್ಪಿನ ಪುಡಿ, ಹುಳಿ ಮಜ್ಜಿಗೆ. ನನ್ನ ರೂಮ್‌ಮೇಟ್ ಬಾಗಿಲು ತೆಗೆದಾಗಲೆಲ್ಲ ಮೂಗು ಮುಚ್ಚಿಕೊಂಡಳು. ಫೆಬ್ರವರಿ ಮೊದಲ ವಾರ, ಹೊರಗೆ ಮೊಣಕಾಲುದ್ದ ಸ್ನೋ ಇರುವಾಗ, ಮೊದಲ ಮೊಗ್ಗು ಬಿರಿಯಿತು. ಒಂಟಿ ಎಸಳು, ತಿಳಿ ಹಳದಿ. ನಿನ್ನದು ಮುದ್ದೆ ದಾಸವಾಳ, ಕುಂಕುಮದ ಹಾಗೆ ಕೆಂಪು. ನಾನು ಹೂವನ್ನು ಕಿತ್ತು ಜೇಬಿಗೆ ಹಾಕಿಕೊಂಡು ನಿನಗೆ ವಿಡಿಯೋ ಕಾಲ್ ಮಾಡಿದೆ.

"ಇನ್ನೂ ಮೊಗ್ಗು ಬರಲಿಲ್ಲೇನ?" ಎಂದೆ ನೀನು.

"ಇಲ್ಲ ಅವ್ವ."

"ಈರುಳ್ಳಿ ಸಿಪ್ಪಿ ನೀರು ವಾರಕ್ಕ ಎರಡ ಸಲ ಹಾಕು."

ನಿನ್ನ ಔಷಧಿ ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, ವಾರಕ್ಕೆ ಐದು ಹೂ ಕೀಳಬೇಕಾಗಿ ಬಂತು. ಕಾಲ್ ಮಾಡುವ ಮೊದಲು ಗಿಡದ ಸುತ್ತ ಎರಡು ಸಲ ನೋಡಿ, ಎಲ್ಲೂ ಹಳದಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದೆ. ಮಿಡ್‌ಟರ್ಮ್‌ಗೂ ಅಷ್ಟು ಟೆನ್ಷನ್ ಆಗಿರಲಿಲ್ಲ. ನೀನು ಅಲ್ಲಿ ಆಸ್ಪತ್ರೆಯ ನೈಟ್ ಡ್ಯೂಟಿ ಮುಗಿಸಿ ಬಂದು, ನಿದ್ದೆಗಣ್ಣಿನಲ್ಲಿ ಯೂಟ್ಯೂಬ್ ನೋಡಿ, ದಾಸವಾಳ ಹೂ ಬಿಡದಿದ್ದರೆ ಏನು ಮಾಡಬೇಕು ಎಂದು ಒಂದರ ಹಿಂದೊಂದು ವಿಡಿಯೋ ಕಳಿಸುತ್ತಿದ್ದೆ.

ಕೆಳಗಿನದನ್ನು ಬರೆಯಲು ಎಲ್ಲಕ್ಕಿಂತ ನಾಚಿಕೆಯಾಗುತ್ತದೆ. ಫೆಬ್ರವರಿ ಕೊನೆಯ ಭಾನುವಾರ ಆಂಟಿ ಅಂಕಲ್ ಜೊತೆ ಫ್ಲಶಿಂಗ್ ಗಣಪತಿ ದೇವಸ್ಥಾನಕ್ಕೆ ಹೋಗಿದ್ದೆ. ಯಾರದೋ ಮನೆಯೊಳಗಿನ ಗಿಡದ ಮುದ್ದೆ ದಾಸವಾಳ ದೇವರ ಪಾದದಲ್ಲಿತ್ತು. ಅಂಥದ್ದೇ ಕೆಂಪು. ಪೂಜಾರಿಗಳು ಪ್ರಸಾದವೆಂದು ನನ್ನ ಕೈಗೇ ಹಾಕಿದರು. ಕ್ಯಾಂಟೀನಿನಲ್ಲಿ ದೋಸೆ ತಿನ್ನುವಾಗಲೂ ಅದನ್ನು ಒದ್ದೆ ಟಿಶ್ಯೂನಲ್ಲಿ ಹಿಡಿದುಕೊಂಡಿದ್ದೆ. ವಾಪಸ್ ಬಂದವಳೇ ಹೊಲಿಗೆಯ ದಾರದಿಂದ ಹೂವನ್ನು ಕೊಂಬೆಗೆ ಕಟ್ಟಿ, ನಿನಗೆ ಕಾಲ್ ಮಾಡಿದೆ. ಅಲ್ಲಿ ಸೋಮವಾರ ಬೆಳಗು, ನೀನು ಡ್ಯೂಟಿಗೆ ಸೀರೆ ಉಡುತ್ತಿದ್ದೆ. "ಬಂತಲ್ಲವಾ! ಸ್ವಲ್ಪ ಬಾಡೇತಿ, ಆದರ ಅದ ಬಣ್ಣ, ಅದ ಬಣ್ಣ!" ಎಂದೆ. ಸೆರಗಿನಿಂದ ಕಣ್ಣೊರೆಸಿಕೊಂಡೆ. ವಾರ್ಡಿನಲ್ಲಿ ಎಲ್ಲರಿಗೂ ಪೇಢೆ ಹಂಚಿದೆಯಂತೆ. ಕಾಲ್ ಕಟ್ ಆದ ಮೇಲೆ ನಾನು ದಾರ ಬಿಚ್ಚಿ, ಹೂವನ್ನು ಮತ್ತೆ ಅದೇ ಟಿಶ್ಯೂನಲ್ಲಿ ಸುತ್ತಿಟ್ಟೆ.

ಮಾರ್ಚ್ ರಜೆಯಲ್ಲಿ ಕುಂಡದ ಸಮೇತ ಇಲ್ಲಿಗೆ ಬಂದಿದ್ದಾಗ ಸಿಕ್ಕಿಬಿದ್ದೆ. ಆಂಟಿ ಕಂಪೋಸ್ಟ್ ಡಬ್ಬಿ ಹಿಡಿದುಕೊಂಡು ಬಂದರು.

"ಭೂಮಿ, ಏನಮ್ಮ ಇದು? ಅರಳಿದ ಹೂವನ್ನ ಈರುಳ್ಳಿ ಸಿಪ್ಪೆ ಜೊತೆ ಹಾಕಿದ್ದೀಯಲ್ಲ. ದೇವರ ಮುಂದೆ ಇಡೋದು ಬಿಟ್ಟು!"

"ಬಿಡಲೇ, ಹುಡಿಗಿ ಏನೋ ಬಾಟನಿ ಎಕ್ಸ್‌ಪೆರಿಮೆಂಟ್ ಮಾಡಾಕತ್ತಿರಬೇಕು" ಎಂದರು ಅಂಕಲ್.

ಅವರ ಮಗಳು ಕ್ಷಮಾ, ಹೈಸ್ಕೂಲಿನವಳು, ಫೋನಿನಿಂದ ತಲೆ ಎತ್ತದೆಯೇ, "ಶೀ ಈಸ್ ಹೈಡಿಂಗ್ ದಿ ಎವಿಡೆನ್ಸ್, ಅಮ್ಮಾ" ಎಂದಳು. ತಮಾಷೆಗೆ ಹೇಳಿದ್ದು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಎಲ್ಲವನ್ನೂ ಹೇಳಿದೆ. ಆಂಟಿ ಬೈಯಲಿಲ್ಲ. "ಅಮ್ಮನಿಗೆ ಹೇಳು. ಅವರು ನರ್ಸ್, ಇದಕ್ಕಿಂತ ದೊಡ್ಡದು ನೋಡಿರ್ತಾರೆ" ಎಂದರಷ್ಟೆ. ಹೇಳುತ್ತೇನೆ ಎಂದೆ. ಹೇಳಲಿಲ್ಲ.

ಅಷ್ಟರಲ್ಲಿ ಕಳೆದ ಭಾನುವಾರ ನಿನ್ನ ವಾಯ್ಸ್ ಮೆಸೇಜ್ ಬಂತು. ಅದನ್ನು ಎಷ್ಟು ಸಲ ಕೇಳಿದ್ದೇನೆಂದರೆ ಹಿಂದೆ ಬರುವ ಪ್ರೆಷರ್ ಕುಕ್ಕರಿನ ಸೀಟಿಯೂ ಬಾಯಿಪಾಠವಾಗಿದೆ. ಹದಿನೈದು ದಿನ ಟ್ರೇನಿಂಗ್ ಎಂದು ನೀನು ಕಲಬುರಗಿಗೆ ಹೋಗಿದ್ದೆ, ಪಕ್ಕದ ಕ್ವಾರ್ಟರ್ಸಿನವರಿಗೆ ನೀರು ಹಾಕಲು ಹೇಳಿದ್ದೆ, ಅವರೂ ಊರಿಗೆ ಹೋಗಿಬಿಟ್ಟಿದ್ದರು. "ದಾಸವಾಳ ಹೋತವಾ. ಬುಡಾ ಕೆರದ ನೋಡಿದೆ, ಹಸರ ಇಲ್ಲ. ನಿನಗ ಹೇಳಿರಲಿಲ್ಲ, ಅದು ನಿನ್ನ ಹಾಸ್ಟೆಲ್ ಗೇಟಿಂದು. ನಿನ್ನ ಬಿಟ್ಟು ಬಂದ ದಿವಸ ಅಲ್ಲಿಂದ ಒಂದ ಕಡ್ಡಿ ತಂದಿದ್ದೆ. ಇರಲಿ ಬಿಡು, ನಿನ್ನ ಹತ್ರ ಐತಲ್ಲ, ನನಗ ಅಷ್ಟ ಸಾಕು. ಆ ಅಂಕಲ್ ಬರತಾರಂದೆಲ್ಲ, ಒಂದ ಕಡ್ಡಿ ಕೊಟ್ಟ ಕಳಸು."

ಅವ್ವ, ನಾನು ಎಂಟು ವರ್ಷ ಆ ಗೇಟಿನ ಒಳಗೆ ಇದ್ದೆ. ಆ ಗಿಡದ ಹೂವನ್ನು ಎರಡು ಜಡೆಗೂ ಸಿಕ್ಕಿಸಿಕೊಂಡಿದ್ದೇನೆ. ರಜೆಗೆ ಬಂದಾಗ ನಿನ್ನ ಬಾಗಿಲಲ್ಲಿ ಇದ್ದದ್ದೂ ಅದೇ ಎಂದು ಒಂದು ದಿನವೂ ತೋಚಲಿಲ್ಲ.

ಅಂಕಲ್‌ಗೆ ಮೆಸೇಜ್ ಕೇಳಿಸಿದೆ. ಅವರು ತೊಡೆ ತಟ್ಟಿ ನಕ್ಕರು. "ಭಾರಿ ಸರಳ ಆತಲ್ಲ! ನಿನ್ನ ಹಾಸ್ಟೆಲ್ ನಮ್ಮಣ್ಣನ ಮನಿಯಿಂದ ಎರಡ ಸ್ಟಾಪು. ಗೇಟಿನಾಗಿಂದ ಒಂದ ಕಡ್ಡಿ ಮುರಕೊಂಡು, ಬಟ್ಟಿ ಸುತ್ತಿ, ಕೊಪ್ಪಳಕ್ಕ ಹೋಗಿ, ತಗೋರಿ ಅಕ್ಕಾರ, ನಿಮ್ಮ ಮಗಳು ಅಮೇರಿಕಾದಿಂದ ಕಳಿಸ್ಯಾಳ ಅಂತ ಕೊಟ್ಟ ಬಿಡತೀನಿ. ಅದ ಗಿಡ, ಅದ ಕೆಂಪ ಹೂವು. ದೇವರಿಗೂ ಗೊತ್ತಾಗೂದಿಲ್ಲ."

"ರೀ, ಸುಳ್ಳಿನ ಮೇಲೆ ಸುಳ್ಳು ಕಲಿಸ್ತಿದ್ದೀರಲ್ಲ ಹುಡುಗಿಗೆ!" ಎಂದರು ಆಂಟಿ.

"ಸುಳ್ಳಲ್ಲದು. ರೂಟ್ ಬದಲಿ, ಅಷ್ಟ."

ನಾನು ಒಪ್ಪಿಕೊಂಡೆ. ಮುಚ್ಚಿಡುವುದಿಲ್ಲ, ಖುಷಿಯಿಂದಲೇ ಒಪ್ಪಿಕೊಂಡೆ. ಮೂರು ದಿನ ಎಷ್ಟು ಹಗುರವಾಗಿದ್ದೆನೆಂದರೆ ಲ್ಯಾಬಿನಲ್ಲಿ ಹಾಡು ಗುನುಗುತ್ತಿದ್ದೆ. ಹಾಸ್ಟೆಲಿನ ವಾಚ್‌ಮನ್ ತಿಪ್ಪಣ್ಣ ಕಾಕಾನ ನಂಬರ್ ಇತ್ತು, ಗಿಡ ಇನ್ನೂ ಇದೆಯೇ ಎಂದು ಫೋನ್ ಮಾಡಿ ಕೇಳಿದೆ. "ಅಮೇರಿಕಾದಿಂದ ಫೋನ್ ಮಾಡಿ ದಾಸವಾಳ ಕೇಳಾಕತ್ತೀಯಲ್ಲವಾ, ಅಲ್ಲಿ ಹೂವಿಗೂ ಬರಗಾಲೇನು?" ಎಂದು ನಕ್ಕ. ಗೇಟು ಅಗಲ ಮಾಡುವಾಗ ಅರ್ಧ ಕಡಿದಿದ್ದಾರಂತೆ, ಉಳಿದ ಅರ್ಧ ಹೂ 'ಜಬರದಸ್ತ್' ಬಿಡುತ್ತಿದೆಯಂತೆ. ಇನ್ನೂ ಒಂದು ಮಾತು ಹೇಳಿದ. ಅದನ್ನು ಧೈರ್ಯ ಬಂದರೆ ಕೊನೆಯಲ್ಲಿ ಬರೆಯುತ್ತೇನೆ. ಆ ಮಾತು ಕೇಳಿದ ಮೇಲೆ ಅಂಕಲ್‌ನ ಉಪಾಯ ನನಗೆ ಒಗ್ಗಲಿಲ್ಲ.

ಯಾಕೆಂದರೆ ಈ ಸುಳ್ಳು ಯಾವತ್ತೂ ಸಿಕ್ಕಿಬೀಳುವುದಿಲ್ಲ. ಆ ಕಡ್ಡಿ ಚಿಗುರುತ್ತದೆ, ಕೆಂಪು ಹೂ ಬಿಡುತ್ತದೆ, ನೀನು ಪ್ರತಿ ಹೂವನ್ನೂ ನನ್ನ ಮಗಳು ಕಾಪಾಡಿದ್ದು ಎಂದು ನೋಡುತ್ತೀ. ಆಮೇಲೆ ನಾನು ನಿನ್ನ ಹತ್ತಿರ ನಿಜವಾದದ್ದೇನನ್ನೂ ಕೇಳಲು ಆಗುವುದಿಲ್ಲ. ಕೇಳುವುದೊಂದಿದೆ.

ಊಟಕ್ಕೆ ಕರೆಯುತ್ತಿದ್ದಾರೆ. ಉಳಿದದ್ದು ಆಮೇಲೆ.

೧೬ ಏಪ್ರಿಲ್, ಬುಧವಾರ
ಡಾರ್ಮ್

ಮೂರು ದಿನ ಲಕೋಟೆ ಬ್ಯಾಗಿನಲ್ಲೇ ಇತ್ತು. ಹರಿದು ಹಾಕೋಣ ಎಂದು ಎರಡು ಸಲ ಅನಿಸಿತು. ಸೋಮವಾರ ಕೆಮಿಸ್ಟ್ರಿ ಟೆಸ್ಟ್, ಪರವಾಗಿಲ್ಲ. ನಿನ್ನೆ ಫೋನಿನಲ್ಲಿ ನೀನು, "ಮಣ್ಣು ತಯಾರ ಮಾಡೀನಿ, ಕುಂಡ ತೊಳದ ಇಟ್ಟೀನಿ, ಅಂಕಲ್ ಯಾವ ದಿವಸ ಬರತಾರ?" ಎಂದಾಗ ಈಗಲೇ ಹೇಳಿಬಿಡಲೇ ಎನಿಸಿತು. ಆದರೆ ಆರು ಡಿಗ್ರಿ ಇದೆ ಎಂದೆ.

ಇವತ್ತು ಬೆಳಿಗ್ಗೆ ಕಿಟಕಿಯ ಗಿಡ ಮತ್ತೆ ಹೂ ಬಿಟ್ಟಿದೆ. ಕೀಳಲಿಲ್ಲ. ಫೋಟೋ ತೆಗೆದು, ಲೈಬ್ರರಿಯಲ್ಲಿ ಪ್ರಿಂಟ್ ಮಾಡಿಸಿ ಇದರ ಜೊತೆ ಇಟ್ಟಿದ್ದೇನೆ. ಹಳದಿ, ಒಂಟಿ ಎಸಳು. ಇದು ಸೌಜನ್ಯಾ ಆಂಟಿಯದು, ಬೆಳೆಸಿದ್ದು ನಾನು, ಔಷಧಿ ನಿನ್ನದು. ನಿನಗೆ ನಾನು ಕಳಿಸುತ್ತಿರುವ ಮೊದಲ ನಿಜವಾದ ಫೋಟೋ ಇದೇ ಇರಬೇಕು. ಇದನ್ನೂ ಸ್ವಲ್ಪ ಪ್ರೀತಿಯಿಂದ ನೋಡು, ಇದರ ತಪ್ಪೇನಿಲ್ಲ.

ಅಂಕಲ್ ಕೈಯಲ್ಲಿರುವುದು ಹಾಸ್ಟೆಲ್ ಗೇಟಿನ ಕಡ್ಡಿ. ತಿಪ್ಪಣ್ಣ ಕಾಕಾನೇ ಮುರಿದು ಕೊಡುತ್ತೇನೆ ಎಂದಿದ್ದಾನೆ. ಅಮೇರಿಕಾದಿಂದ ಬಂದದ್ದಲ್ಲ. ಬೇಸಿಗೆಯಲ್ಲಿ ಚಿಗುರುವುದು ಕಷ್ಟ, ನೆರಳಿನಲ್ಲಿಡು ಎಂದು ನಾನು ನಿನಗೆ ಹೇಳುವುದು ತಮಾಷೆ. ಆದರೂ ನೆರಳಿನಲ್ಲಿಡು. ಮತ್ತೆ ಟ್ರೇನಿಂಗ್ ಬಂದರೆ ಜೊತೆಗೆ ತೆಗೆದುಕೊಂಡು ಹೋಗು.

ಸಿಟ್ಟು ಬಂದರೆ ಬೈ. ಪೇಢೆ ತಿಂದವರಿಗೆಲ್ಲ ಏನು ಹೇಳಲಿ ಎನ್ನಬೇಡ, ನನ್ನ ಹೆಸರನ್ನೇ ಹೇಳು. ಸಿಟ್ಟಿನಲ್ಲೂ ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ. ಮೇ ತಿಂಗಳಲ್ಲಿ ಫೈನಲ್ಸ್ ಇವೆ. ನೀನು ಊಟ ಬಿಡಬೇಡ, ಬಿಸಿಲಿನಲ್ಲಿ ಬರಿತಲೆಯಲ್ಲಿ ನಡೆಯಬೇಡ. ಇಲ್ಲಿಂದಲೇ ನಿನ್ನ ಕಾಲು ಮುಟ್ಟುತ್ತಿದ್ದೇನೆ.

ನಿನ್ನ
ಭೂಮಿಕಾ

ಮರೆತಿಲ್ಲ, ಬರೆಯುತ್ತೇನೆ: ತಿಪ್ಪಣ್ಣ ಕಾಕಾ ಹೇಳಿದ ಮಾತು. ನಾನು ಎಲ್ಲ ವರ್ಷ ಅಂದುಕೊಂಡದ್ದು, ನೀನು ನನ್ನನ್ನು ಬಿಟ್ಟವಳು ತಿರುಗಿ ನೋಡದೆ ಹೋದೆ ಎಂದು. ಅಪ್ಪ ಹೋದ ಮೇಲೆ ನಿನಗೆ ನೈಟ್ ಡ್ಯೂಟಿ, ಮನೆಯಲ್ಲಿ ಯಾರೂ ಇರಲಿಲ್ಲ, ಎಲ್ಲ ಗೊತ್ತು. ಆದರೆ ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಕೊಪ್ಪಳ, ಎಲ್ಲ ವರ್ಗಾವಣೆಗೂ ಆ ಕುಂಡ ನಿನ್ನ ಜೊತೆ ಲಾರಿಯಲ್ಲಿ ಹೋಯಿತು. ರಜೆಗೆ ಬಂದಾಗ ಪ್ರತಿ ಸಲ ಹೊಸ ಮನೆ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ನಾನು ಕೇಳಬೇಕಾಗುತ್ತಿತ್ತು. ದಾಸವಾಳ ಬಾಗಿಲಲ್ಲಿ ಮನೆಯವಳ ಹಾಗೆ ನಿಂತಿರುತ್ತಿತ್ತು. ನನಗೆ ಅದರ ಮೇಲೆ ಹೊಟ್ಟೆಕಿಚ್ಚಿತ್ತು ಅವ್ವ. ಏರ್‌ಪೋರ್ಟಿನಲ್ಲಿ ಅದು ಬುಟ್ಟಿಗೆ ಬಿದ್ದಾಗ ಒಂದು ಕ್ಷಣ, ಒಂದೇ ಕ್ಷಣ, ಒಳ್ಳೆಯದಾಯಿತು ಎನಿಸಿತ್ತು.

ಕಾಕಾ ಹೇಳಿದ: "ನಿಮ್ಮವ್ವ ಅವತ್ತ ಹೋಗಲೇ ಇಲ್ಲವಾ. ಗೇಟಿನ ಹೊರಗ ನಿಂತಿದ್ದಳು. ಒಂದ ಬಸ್ ಬಿಟ್ಟಳು, ಎರಡ ಬಸ್ ಬಿಟ್ಟಳು. ನೋಡೂದಾಗಲಿಲ್ಲ ನನಗ. ಬರಿಗೈಲೆ ಹೋಗಬ್ಯಾಡವಾ ಅಂತ ನಾನ ಕಡ್ಡಿ ಮುರದ ಕೊಟ್ಟೆ. ಅದನ್ನ ಮಗುವಿನ ಹಂಗ ಎದಿಗೆ ಅವಚಿಕೊಂಡು ಮೂರನೇ ಬಸ್ ಹತ್ತಿದಳು."

ಎರಡು ಬಸ್ ಬಿಟ್ಟವಳು ಮೂರನೆಯದನ್ನೂ ಯಾಕೆ ಬಿಡಲಿಲ್ಲ? ನಾನು ಒಳಗೇ ಇದ್ದೆನಲ್ಲ ಅವ್ವ, ಗೇಟಿನಿಂದ ಇಪ್ಪತ್ತು ಹೆಜ್ಜೆ.

ಇದನ್ನು ಫೋನಿನಲ್ಲಿ ಹೇಳಬೇಡ, ಬರೆದು ಕಳಿಸು. ಅಂಕಲ್ ಮೇ ನಾಲ್ಕಕ್ಕೆ ವಾಪಸ್ ಹೊರಡುತ್ತಾರೆ. ಅಷ್ಟರೊಳಗೆ, ಎರಡೇ ಸಾಲಾದರೂ ಸರಿ, ಬೇಗ ಉತ್ತರ ಬರೆ.